ಓಲೆಯಿಲ್ಲದ ಸಭೆ

ಅಮ್ಮನ ಬೆರಳಿನ ಗೆಣ್ಣುಗಳು ಊದಿಕೊಂಡ ಮೇಲೆ ಅವಳ ಬಿಳಿ ಸೀರೆಗೆ ನೀಲಿ ಹಾಕುವ ಕೆಲಸ ನನ್ನ ತಲೆಗೆ ಬಂದಿದೆ. ಶನಿವಾರ ಹಿರೇಹಳ್ಳಿಯ ವರ್ಕ್‌ಶಾಪಿನಿಂದ ಬಂದವನು ಮುಖ ತೊಳೆಯುವ ಮೊದಲೇ ಬಕೆಟ್ಟಿಗೆ ನೀರು ಬಿಟ್ಟು, ನೀಲಿ ಕಲಸಿ, ಸೀರೆ ಅದ್ದಿ, ಗಂಜಿ ಹಾಕಿ, ತಾರಸಿಯ ಮೇಲೆ ಹರವಬೇಕು. ನೀಲಿ ಸ್ವಲ್ಪ ಹೆಚ್ಚಾದರೆ "ಇದೇನ್ಲಾ, ಸೀರೇನ ಆಕಾಶ ಮಾಡ್ಬುಟ್ಟೆ" ಅನ್ನುತ್ತಾಳೆ. ಕಡಿಮೆಯಾದರೆ "ಒಗ್ದೇ ಇಲ್ವೇನೋ ಅನ್ನಂಗದೆ" ಅನ್ನುತ್ತಾಳೆ. ದಿನವಿಡೀ ಲೇತ್ ಮೆಷಿನ್ನಿನ ಮುಂದೆ ನಿಂತು ಕೂದಲೆಳೆಯ ಅಳತೆಗೆ ಕಬ್ಬಿಣ ಕಡಿಯುವ ನನಗೆ ಈ ನೀಲಿಯ ಅಳತೆ ಮಾತ್ರ ಇನ್ನೂ ಕೈ ಹತ್ತಿಲ್ಲ.

ಬಿಸಿ ಗಂಜಿಯ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಸಿಟ್ಟು ಬರಲು ಶುರುವಾಗುತ್ತದೆ. ಅಮ್ಮ ಹೋಗುವ ಪ್ರಾರ್ಥನಾ ಸಭೆಯಲ್ಲಿ ಈಗ ಬಿಳಿಯನ್ನೇ ಉಡಬೇಕೆಂಬ ನಿಯಮವಿಲ್ಲ. ರೇಷ್ಮೆ ಸೀರೆ, ಜುಮುಕಿ, ಬಳೆ, ಸರ ಎಲ್ಲವೂ ಬರುತ್ತವೆ. ಅವುಗಳ ಮಧ್ಯೆ ಇವಳೊಬ್ಬಳು ಬೋಳು ಕಿವಿಯಲ್ಲಿ, ಬಿಳಿ ಸೀರೆಯಲ್ಲಿ ಕೂತಿರುತ್ತಾಳೆ. ಆ ನಿಯಮದ ಏಟು ನನ್ನ ಮೇಲೆ ಬಿದ್ದದ್ದೂ, ನಿಯಮವೇ ಇಲ್ಲವೆಂದು ಸಭೆಯವರು ಕೈ ಕೊಡವಿಕೊಂಡದ್ದೂ ಒಂದೇ ವರ್ಷದಲ್ಲಿ. ಆ ವರ್ಷವನ್ನು ನೆನೆಸಿಕೊಂಡರೆ ಯಾರ ಕೊರಳಪಟ್ಟಿ ಹಿಡಿಯಬೇಕೆಂದು ನನಗೆ ಇವತ್ತಿಗೂ ತಿಳಿಯುವುದಿಲ್ಲ.

ಆಗ ನಮ್ಮ ಸಭೆ ನಡೆಯುತ್ತಿದ್ದದ್ದು ಅಂತರಸನಹಳ್ಳಿಯ ಒಂದು ಹಳೇ ಗೋಡೌನಿನಲ್ಲಿ. ನಾವು ಅದನ್ನು ಚರ್ಚ್ ಅನ್ನುತ್ತಿರಲಿಲ್ಲ. ಚರ್ಚ್ ಅಂದರೆ ಗೋಪುರ, ಗಂಟೆ, ಬೆಂಚು ಇರುವ ಬೇರೆಯವರದ್ದು. ನಮ್ಮದು ಸಭೆ. ಮೇಲೆ ಸಿಮೆಂಟ್ ಶೀಟು, ಕೆಳಗೆ ಜಮಖಾನ, ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಪಕ್ಕದಲ್ಲೇ ಲಾರಿಗಳ ಸ್ಪ್ರಿಂಗ್ ಪಟ್ಟಿ ಬಡಿದು ಕಟ್ಟುವ ಶೆಡ್ಡು. ಭಾನುವಾರವೂ ಅಲ್ಲಿ ಸುತ್ತಿಗೆ ನಿಲ್ಲುತ್ತಿರಲಿಲ್ಲ. ಮಳೆ ಬಂತೆಂದರೆ ಶೀಟಿನ ಸದ್ದಿಗೆ ಪ್ರಸಂಗ ಕೇಳುತ್ತಿರಲಿಲ್ಲ. ಆಗ ಪಾಸ್ಟರ್ ಸಮುವೇಲಪ್ಪನವರು ಮೈಕು ಕೆಳಗಿಟ್ಟು "ಪ್ರಕಾಶಾ, ಬಾರಿಸು" ಅನ್ನುತ್ತಿದ್ದರು. ನಾನು ಕೀಬೋರ್ಡ್ ಬಾರಿಸುತ್ತಿದ್ದೆ. ಜನ ಎದ್ದು ಕೈಯೆತ್ತಿ ಹಾಡುತ್ತಿದ್ದರು, ಹಾಡುತ್ತಾ ಅಳುತ್ತಿದ್ದರು, ಅಳುತ್ತಾ ಕೆಲವರು ಆತ್ಮ ತುಂಬಿ, ಯಾರಿಗೂ ತಿಳಿಯದ ಅನ್ಯಭಾಷೆಯಲ್ಲಿ ಮಾತಾಡುತ್ತಿದ್ದರು. ಮಳೆ, ಸುತ್ತಿಗೆ, ಪ್ರಾರ್ಥನೆ ಮೂರೂ ಸೇರಿ ಎದೆ ನಡುಗುತ್ತಿತ್ತು. ನಾನು ಅದನ್ನೆಲ್ಲ ನಂಬಿದ್ದೆ. ಈಗಲೂ ಬಹಳಷ್ಟನ್ನು ನಂಬುತ್ತೇನೆ, ಅದೇ ತೊಂದರೆ.

ಸಮುವೇಲಪ್ಪನವರನ್ನು ನಾವೆಲ್ಲ ಅಯ್ಯನವರು ಅನ್ನುತ್ತಿದ್ದೆವು. ಒಳ್ಳೆಯ ಮನುಷ್ಯರು. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಸಿಟ್ಟಿಗೆ ಕೆಲಸ ಸುಲಭವಾಗಿಬಿಡುತ್ತದೆ. ವಯಸ್ಸಿನಲ್ಲಿ ಸೈಕಲ್ ತುಳಿದುಕೊಂಡು ಕುಣಿಗಲ್ ಕಡೆಯ ಹಳ್ಳಿಗಳಿಗೆ ಹೋಗಿ, ಯಾರ ಮನೆಯಲ್ಲಿ ಕಾಯಿಲೆಯಿದೆಯೋ ಅವರ ಹಾಸಿಗೆಯ ಪಕ್ಕ ಮಂಡಿಯೂರಿದವರು. ಅವರ ನಂಬಿಕೆಯಲ್ಲಿ ಅರ್ಧಂಬರ್ಧ ಅನ್ನುವುದಿರಲಿಲ್ಲ. ಕರ್ತನು ಯಾವ ಗಳಿಗೆಯಲ್ಲಾದರೂ ಬರಬಹುದು. ನೀರಿನಲ್ಲಿ ಪೂರ್ತಿ ಮುಳುಗಿದರೆ ಮಾತ್ರ ದೀಕ್ಷಾಸ್ನಾನ. ವಿಶ್ವಾಸಿಗೆ ಸಿನಿಮಾ ಬೇಡ, ಬಣ್ಣ ಬೇಡ, ಒಡವೆ ಬೇಡ. ಚಿನ್ನ ಹಾಕಿಕೊಂಡವರಿಗೆ, ತಾಳಿ ಕಟ್ಟಿಕೊಂಡವರಿಗೆ ಕರ್ತನ ಮೇಜು ಇಲ್ಲ. ತಿಂಗಳ ಮೊದಲ ಭಾನುವಾರ ರೊಟ್ಟಿ ಮುರಿದು ಹಂಚುವುದಕ್ಕೆ ನಾವು ಮೇಜು ಅನ್ನುತ್ತಿದ್ದೆವು. ಒಡವೆ ಯಾಕೆ ಬೇಡ ಅಂತ ಕೇಳಿದರೆ ಬೈಬಲ್ ತಟ್ಟಿ "ವಾಕ್ಯದಲ್ಲಿದೆ" ಅನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು.

ನಮ್ಮಪ್ಪ ಲಾರಿ ಆಕ್ಸಿಡೆಂಟಿನಲ್ಲಿ ಹೋದಾಗ ನಾನು ಪ್ರೈಮರಿ ಸ್ಕೂಲಿನಲ್ಲಿದ್ದೆ, ತಂಗಿ ಆಶಾ ಇನ್ನೂ ಅಮ್ಮನ ಸೊಂಟದ ಮೇಲಿದ್ದಳು. ಕುಣಿಗಲ್ ಹತ್ತಿರದ ನಮ್ಮ ಹಳ್ಳಿಯಲ್ಲಿ ದೊಡ್ಡ ಹೆಂಗಸರು ಸೇರಿ ಅಮ್ಮನ ತಾಳಿ, ಬಳೆ, ಕಾಲುಂಗುರ, ಮೂಗುಬಟ್ಟು ಎಲ್ಲ ತೆಗೆದರು. ಕಿವಿಯ ಓಲೆಯನ್ನು ಯಾಕೋ ಬಿಟ್ಟರು. ಅಮ್ಮ ನಮ್ಮಿಬ್ಬರನ್ನು ಕಟ್ಟಿಕೊಂಡು ತುಮಕೂರಿಗೆ ಬಂದು ಗಾರ್ಮೆಂಟ್ಸಿಗೆ ಸೇರಿದಳು. ಜ್ವರ ಬಂದು ಮಲಗಿದ್ದಾಗ ಪಕ್ಕದ ಮನೆಯವರು ಅಯ್ಯನವರನ್ನು ಕರೆತಂದರು. ಅದಾದ ಮೇಲೆ ಒಂದು ಭಾನುವಾರ ಟೆಂಪೋದಲ್ಲಿ ಎಲ್ಲರೂ ಮಾರ್ಕೋನಹಳ್ಳಿ ಡ್ಯಾಮಿಗೆ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಆಶಾ, ನಾನು ದಡದಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದೆವು. ಅಯ್ಯನವರ ಹೆಂಡತಿ ಒಂದು ಟವೆಲ್ ಹಾಸಿದರು. ನೀರಿಗಿಳಿಯುವ ಹೆಂಗಸರು ಒಬ್ಬೊಬ್ಬರಾಗಿ ಒಡವೆ ತೆಗೆದು ಅದರ ಮೇಲೆ ಇಟ್ಟರು. ಅಮ್ಮ ಎರಡೂ ಓಲೆ ಬಿಚ್ಚಿ ಇಟ್ಟು, ಹಿಂದಕ್ಕೆ ನೋಡದೆ ನೀರಿಗಿಳಿದಳು. ಆ ಟವೆಲ್ಲಿನಲ್ಲಿ ಬಿದ್ದದ್ದರಿಂದಲೇ ಸಭೆಗೆ ಮೊದಲ ಮೈಕ್ ಸೆಟ್ ಬಂತು.

ಆಶಾ ದೊಡ್ಡವಳಾಗಿ ಗುಬ್ಬಿಯ ವಿಜಯನನ್ನು ಮೆಚ್ಚಿದಳು. ಅವರದು ಗಂಟೆ, ಬೆಂಚು ಇರುವ ಹಳೇ ಕಲ್ಲು ಚರ್ಚಿನ ಕುಟುಂಬ. ಕ್ರೈಸ್ತರೇ, ಆದರೆ ತಾಳಿ ಕಟ್ಟುತ್ತಾರೆ, ಒಡವೆ ಹಾಕುತ್ತಾರೆ. ಮದುವೆಯ ದಿನ ಅಮ್ಮ ಗುಬ್ಬಿಗೆ ಬಂದಳು, ಆದರೆ ಚರ್ಚಿನ ಗೇಟು ದಾಟಲಿಲ್ಲ. ಎದುರಿನ ಹುಣಸೆಮರದ ಕೆಳಗೆ ನಿಂತು, ಗಂಟೆ ಬಾರಿಸುವುದನ್ನು ಕೇಳಿಸಿಕೊಂಡು, ಬಸ್ಸು ಹತ್ತಿ ವಾಪಸ್ಸು ಹೋದಳು. ಅವಳು ಸಭೆಯಲ್ಲಿ ಸಹೋದರಿಯರ ಉಪವಾಸ ಪ್ರಾರ್ಥನೆ ನಡೆಸುವವಳು. ಕಿವಿಯಲ್ಲಿ ಏನಾದರೂ ಹೊಳೆಯುವ ಹುಡುಗಿಯರನ್ನು ಮೇಜಿನ ದಿನ ಮೆಲ್ಲಗೆ ಹಿಂದಕ್ಕೆ ಕಳಿಸುತ್ತಿದ್ದವಳು. ತನ್ನ ಮಗಳ ವಿಷಯಕ್ಕೆ ಬೇರೆ ನ್ಯಾಯ ಹೇಗೆ ಮಾಡಿಯಾಳು? ಮಗಳ ಮನೆಗೆ ಹೋಗಬೇಡ ಅಂತ ಅಯ್ಯನವರು ಒಂದು ದಿನವೂ ಹೇಳಲಿಲ್ಲ. ಹೋದವರು ಮೇಜಿನ ದಿನ ಹಿಂದೆ ಕೂರಬೇಕಾಗುತ್ತದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಆಶಾಗೆ ಹೆಣ್ಣು ಮಗು ಹುಟ್ಟಿ, ಅದಕ್ಕೆ ಸ್ನೇಹಾ ಎಂದು ಹೆಸರಿಟ್ಟು, ಅದು ಕೂರಲು ಕಲಿತರೂ ಅಮ್ಮ ಅದನ್ನು ಎತ್ತಿಕೊಂಡಿರಲಿಲ್ಲ. ಅದರ ಫೋಟೋ ಮಾತ್ರ ನನ್ನ ಮೊಬೈಲಿನಲ್ಲಿ ದಿನಾ ನೋಡುತ್ತಿದ್ದಳು. ನೋಡಿ, "ಸಾಕು ಇಡು" ಅನ್ನುತ್ತಿದ್ದಳು.

ಮುಂಗಾರು ಶುರುವಾದ ವಾರ ಆಶಾ ಫೋನ್ ಮಾಡಿದಳು.

"ಅಣ್ಣಾ, ಪಾಪುಗೆ ಕಿವಿ ಚುಚ್ಚಿಸ್ಬೇಕು. ಸೋದರಮಾವನ ತೊಡೆ ಮೇಲೆ ಕೂರಿಸ್ಕೊಂಡೇ ಚುಚ್ಚಿಸ್ಬೇಕಂತೆ. ನೀನು ಬರ್ಬೇಕು."

"ವಿಜಯನ ಕಡೆಯವರು ಯಾರಾದ್ರೂ ಕೂರ್ಲಿ ಬುಡೇ."

"ಅವರ ಕಡೆ ಯಾರು ಕೂತ್ರೂ ಸೋದರಮಾವ ಆಗಲ್ಲ. ನನಗೆ ತವರುಮನೆ ಅಂತ ಇರೋನು ನೀನೊಬ್ನೇ. ಅಮ್ಮನ್ನ ನಾನು ಕೇಳಲ್ಲ. ನೀನು ಬರಲ್ಲ ಅಂದ್ರೆ ಅದರ ಕಿವಿ ಹಂಗೇ ಇರ್ಲಿ."

ಅವಳಿಗೆ ಹಟ ಬಂದರೆ ಅಮ್ಮನದೇ ದನಿ. ನಾನು ನೇರವಾಗಿ ಅಯ್ಯನವರ ಮನೆಗೆ ಹೋದೆ. ಕದ್ದು ಹೋಗಿ ಬರುವುದು ನನಗೆ ಬೇಕಿರಲಿಲ್ಲ. ಅವರು ಜಗುಲಿಯಲ್ಲಿ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು.

"ಮಗೂನ ನೋಡಕ್ಕೆ ಹೋಗು. ಎತ್ಕೊ, ಪ್ರಾರ್ಥನೆ ಮಾಡು. ನಾನು ಬೇಡ ಅನ್ನಲ್ಲ," ಅಂದರು. "ಚಿನ್ನ ಹಾಕ್ಸೋ ಕಾರ್ಯಕ್ಕೆ ತೊಡೆ ಕೊಡ್ಬೇಡ."

"ಅಯ್ಯಾ, ನಾನು ಹಾಕ್ಕೊಳ್ತಿಲ್ಲವಲ್ಲ. ಅಳೋ ಮಗೂನ ಹಿಡ್ಕೊಳ್ಳೋದಷ್ಟೆ."

"ಕರ್ತನ ಮುಂದೆ ಹಾಡು ನಡೆಸೋನು ನೀನು, ಪ್ರಕಾಶಾ. ನಿನ್ನ ನೋಡಿ ನಾಲ್ಕು ಜನ ನಾಳೆ ಅದೇ ಮಾಡ್ತಾರೆ."

"ಮಾಡ್ಲಿ ಬಿಡಿ, ಅಯ್ಯಾ. ತಂಗಿ ಮನೆಗೆ ತಾನೇ ಹೋಗೋದು?"

ಅವರು ನಕ್ಕರು. ಅವರು ಒಂದು ಸಲ ಗದರಿದ್ದರೆ ನನಗೆ ಸುಲಭವಾಗುತ್ತಿತ್ತು. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಕಳಿಸಿದರು. ಎಣ್ಣೆಗೈ ನನ್ನ ಕೂದಲಿಗೆಲ್ಲ ಅಂಟಿತು.

ನಾನು ಹೋದೆ. ಮಳೆ ಹಿಡಿದ ದಿನ ಅದು. ಅಮ್ಮನಿಗೆ ಹೇಳಿಯೇ ಹೊರಟೆ. ಅವಳು ಒಲೆಯ ಕಡೆಗೆ ಮುಖ ಮಾಡಿ ನಿಂತವಳು ತಿರುಗಲಿಲ್ಲ. "ಬಸ್ಸಲ್ಲಿ ಕಿಟಕಿ ಪಕ್ಕ ಕೂರ್ಬೇಡ, ನೆನೀತೀಯ" ಅಂದಳು, ಅಷ್ಟೆ. ಗುಬ್ಬಿಯಲ್ಲಿ ಕಿವಿ ಚುಚ್ಚುವ ಆಚಾರ್ರು ಮೊದಲೇ ಬಂದು ಕೂತಿದ್ದರು. ವಿಜಯನ ಅಪ್ಪ ಚಿಕ್ಕದಾಗಿ ಪ್ರಾರ್ಥನೆ ಮಾಡಿದರು. ನನ್ನ ತೊಡೆಯ ಮೇಲೆ ಸ್ನೇಹಾಳನ್ನು ಕೂರಿಸಿ, ಬಾಯಿಗೆ ಕೊಬ್ಬರಿ ಸಕ್ಕರೆ ಇಟ್ಟು, ಆಚಾರ್ರು ತಂತಿ ಚುಚ್ಚಿದರು. ಮಗು ಕಿರುಚಿ ನನ್ನ ಅಂಗಿಯನ್ನು ಎಷ್ಟು ಗಟ್ಟಿಯಾಗಿ ಹಿಡಿಯಿತೆಂದರೆ ಗುಂಡಿ ಕಿತ್ತುಬಂತು. ಹನಿ ರಕ್ತ, ಕೊಬ್ಬರಿ ಎಣ್ಣೆ, ಆಮೇಲೆ ನಗು. ಆಶಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ನನಗೆ ಬಿಸಿ ಒಬ್ಬಟ್ಟು ಬಡಿಸಿದಳು. ಇಷ್ಟರಲ್ಲಿ ಯಾವ ಪಾಪ ಎಲ್ಲಿ ನುಸುಳಿತೆಂದು ನಾನು ಹುಡುಕುತ್ತಲೇ ಇದ್ದೆ, ಸಿಗಲಿಲ್ಲ.

ವಿಜಯ ಸಂತೋಷದಲ್ಲಿ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಅವನ ತಪ್ಪಲ್ಲ, ಮಗಳ ಕಿವಿ ಚುಚ್ಚಿಸಿದವನು ಹಾಕದೆ ಇನ್ನೇನು ಮಾಡುತ್ತಾನೆ. ಸಂಜೆಯೊಳಗೆ ಸಭೆಯವರಿಗೆಲ್ಲ ಗೊತ್ತಾಗಿತ್ತು.

ಮುಂದಿನ ಭಾನುವಾರ ಮೇಜಿನ ದಿನ. ಅಯ್ಯನವರು ಪ್ರಕಟಣೆಗಳ ಮಧ್ಯೆ, ಬುಧವಾರದ ಪ್ರಾರ್ಥನೆ ಯಾರ ಮನೆಯಲ್ಲಿ ಅಂತ ಹೇಳಿದ ಅದೇ ದನಿಯಲ್ಲಿ, "ಪ್ರಕಾಶ್ ಬ್ರದರ್ ಸ್ವಲ್ಪ ಕಾಲ ಹಿಂದೆ ಕೂತ್ಕೊಂಡು ತಮ್ಮನ್ನ ತಾವು ಪರೀಕ್ಷೆ ಮಾಡ್ಕೊಳ್ತಾರೆ. ತಪ್ಪು ಒಪ್ಕೊಂಡ ದಿನ ನಾವೆಲ್ಲ ಸಂತೋಷಪಡೋಣ" ಅಂದರು. ಯಾರೋ ಕೀಬೋರ್ಡಿಗೆ ಕವರ್ ಹೊದಿಸಿದರು. ರೊಟ್ಟಿಯ ತಟ್ಟೆ ಸಾಲಿನಲ್ಲಿ ಕೈಯಿಂದ ಕೈಗೆ ಬಂತು. ನನ್ನ ಪಕ್ಕದವನು ನನ್ನ ಮುಖ ನೋಡದೆ, ತೋಳು ಚಾಚಿ, ನನ್ನ ಮಂಡಿಯ ಮೇಲಿನಿಂದಲೇ ತಟ್ಟೆಯನ್ನು ಆಚೆಯವನಿಗೆ ದಾಟಿಸಿದ. ಆ ತಟ್ಟೆ ದಾಟಿ ಹೋದದ್ದನ್ನು ನಾನು ಮರೆತಿಲ್ಲ. ಹೆಂಗಸರ ಸಾಲಿನಿಂದ ಅಮ್ಮ ಅದನ್ನೇ ನೋಡುತ್ತಿದ್ದಳು.

"ಎದ್ದು ನಿಂತು ಒಂದು ಮಾತು ತಪ್ಪಾಯ್ತು ಅನ್ನು, ಮುಗೀತದೆ," ಅಂದಳು ಮನೆಗೆ ಬಂದ ಮೇಲೆ.

"ಏನಂತ ಅನ್ನಲಿ? ಮಗೂನ ಎತ್ಕೊಂಡೆ, ಕ್ಷಮಿಸಿ ಅಂತ್ಲಾ?"

"ನಿನಗೆ ಬಗ್ಗೋದು ಗೊತ್ತಿಲ್ಲ."

"ನಿನಗೆ ಗೊತ್ತಾ? ಮದುವೆ ದಿನ ಹುಣಸೆಮರದ ಕೆಳಗೆ ನಿಂತಿದ್ಯಲ್ಲ!"

ಅದಾದ ಮೇಲೆ ಬಹಳ ದಿನ ನಮ್ಮ ಮನೆಯಲ್ಲಿ ಸಾರು, ಅನ್ನ, ಬೀಗದ ಕೈ ಇವುಗಳ ಬಗ್ಗೆ ಬಿಟ್ಟು ಬೇರೆ ಮಾತಿರಲಿಲ್ಲ. ನಾನು ತಪ್ಪು ಒಪ್ಪಿಕೊಳ್ಳಲಿಲ್ಲ. ಸಭೆಯನ್ನೂ ಬಿಡಲಿಲ್ಲ, ಅಮ್ಮನನ್ನು ಬೈಕಿನಲ್ಲಿ ಕರೆದುಕೊಂಡು ಹೋಗುವವರು ಯಾರು? ಮಳೆಗಾಲ ಪೂರ್ತಿ ಹಿಂದಿನ ಸಾಲಿನಲ್ಲಿ, ಚಪ್ಪಲಿಗಳ ಪಕ್ಕ ಕೂತೆ. ಶೀಟಿನ ಮೇಲೆ ಮಳೆ ಜೋರಾದಾಗ ಅಯ್ಯನವರು ಅಭ್ಯಾಸಬಲದಿಂದ "ಪ್ರಕಾಶಾ…" ಅಂದು ಅರ್ಧಕ್ಕೆ ನಿಲ್ಲಿಸುತ್ತಿದ್ದರು. ನನ್ನ ಬೆರಳು ತೊಡೆಯ ಮೇಲೆ ತಾವೇ ಆಡುತ್ತಿದ್ದವು.

ಮಳೆ ಹಿಂದಾಗುವ ಹೊತ್ತಿಗೆ ಅಯ್ಯನವರ ಮಗ ಜೋಯಲ್ ಬೈಬಲ್ ಕಾಲೇಜು ಮುಗಿಸಿ ಬಂದ. ಅಯ್ಯನವರಿಗೆ ಬಿಪಿ ಹೆಚ್ಚಾಗಿ ನಿಂತು ಮಾತಾಡುವುದು ಕಷ್ಟವಾಗಿತ್ತು. ಇನ್ನು ಮುಂದೆ ಸಭೆಯನ್ನು ಜೋಯಲ್ ನೋಡಿಕೊಳ್ಳುತ್ತಾನೆ ಅಂತ ಪ್ರಕಟಿಸಿದರು. ಯಾರನ್ನೂ ಕೇಳಲಿಲ್ಲ, ಕೇಳಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ. ಹುಡುಗ ಚುರುಕು, ನಗುಮುಖ, ಎಲ್ಲರನ್ನೂ ತಬ್ಬಿಕೊಳ್ಳುವವನು. ಜಮಖಾನ ಹೋಗಿ ಕುರ್ಚಿ ಬಂತು. ಗೋಡೆಗೆ ಪರದೆ ಬಂತು, ಹಾಡಿನ ಸಾಲುಗಳು ಅದರ ಮೇಲೆ ಮೂಡತೊಡಗಿದವು. ಬೆಂಗಳೂರಿನ ಒಂದು ದೊಡ್ಡ ಸಭೆಯ ಪಾಸ್ಟರ್ ಮಗಳ ಜೊತೆ ಅವನ ಮದುವೆ ಗೊತ್ತಾಯಿತು. ನಿಶ್ಚಿತಾರ್ಥದ ಫೋಟೋ ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ ಬಂತು. ಹುಡುಗಿಯ ಕೊರಳಲ್ಲಿ ನೆಕ್ಲೇಸ್, ಕಿವಿಯಲ್ಲಿ ಭುಜಕ್ಕೆ ತಾಗುವ ಜುಮುಕಿ. ಇಡೀ ಗ್ರೂಪ್ ಒಂದು ಗಂಟೆ ಉಸಿರು ಬಿಡಲಿಲ್ಲ. ಆಮೇಲೆ ಯಾರೋ ಧೈರ್ಯ ಮಾಡಿ "ಕರ್ತನಿಗೆ ಸ್ತೋತ್ರ" ಅಂತ ಹಾಕಿದರು. ಹಿಂದೆಯೇ ಎಲ್ಲರೂ ಹಾಕಿದರು.

ಆ ಭಾನುವಾರ ಜೋಯಲ್ ಪ್ರಸಂಗ ಮಾಡಿದ. ಚೆನ್ನಾಗಿಯೇ ಮಾಡಿದ. ಹೊರಗಿನ ಅಲಂಕಾರ ಮುಖ್ಯವಲ್ಲ ಅಂತ ವಾಕ್ಯ ಹೇಳುವುದು ಅಹಂಕಾರದ ಬಗ್ಗೆ, ಲೋಹದ ಬಗ್ಗೆ ಅಲ್ಲ ಅಂತ ವಿವರಿಸಿದ. ಬಿಳಿ ಸೀರೆ, ಬೋಳು ಕಿವಿ ಇವೆಲ್ಲ ಮನುಷ್ಯರು ಮಾಡಿಕೊಂಡ ಪದ್ಧತಿ, ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು ಅಂದ. ನನಗೆ ಒಂದೊಂದು ಮಾತೂ ಸರಿ ಅನ್ನಿಸಿತು. ನಾನು ಚಪ್ಪಲಿಗಳ ಪಕ್ಕ ಕೂತು ತಿಂಗಳುಗಟ್ಟಲೆ ಯೋಚಿಸಿದ್ದೂ ಅದನ್ನೇ. ಅದಕ್ಕೇ ಮೈ ಉರಿದುಹೋಯಿತು. ಸರಿಯಾದ ಮಾತು ಅವರ ಮನೆಗೆ ಸೊಸೆ ಬರುವ ತನಕ ಎಲ್ಲಿಗೆ ಹೋಗಿತ್ತು? ಅಯ್ಯನವರು ಮುಂದಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ನನ್ನ ಹೆಸರೂ ಬರಲಿಲ್ಲ, ಆಶಾಳ ಹೆಸರೂ ಬರಲಿಲ್ಲ.

ಅವತ್ತೇ ಅಯ್ಯನವರ ಮನೆಗೆ ಹೋದೆ. ಅದೇ ಜಗುಲಿ, ಅದೇ ಎಣ್ಣೆಯ ಬಟ್ಟಲು.

"ಅಯ್ಯಾ, ವಾಕ್ಯದಲ್ಲಿದೆ ಅಂದಿದ್ರಲ್ಲ?"

"ಹುಡ್ಗ ಓದ್ಕೊಂಡ್ ಬಂದವ್ನೆ," ಅಂದರು. "ನಾನು ಅರ್ಥ ಮಾಡ್ಕೊಂಡಿದ್ದು ಹಂಗೆ. ನಮಗೆ ಹೇಳ್ಕೊಟ್ಟವರೂ ಹಂಗೇ ಹೇಳ್ಕೊಟ್ರು."

"ಹಂಗಾದ್ರೆ ಆಶಾ? ನಮ್ಮಮ್ಮ ಇನ್ನೂ ಮೊಮ್ಮಗಳನ್ನ ಮುಟ್ಟಿಲ್ಲ ಅಯ್ಯಾ."

ಅವರು ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು, ಅದನ್ನು ಹಚ್ಚಿಕೊಳ್ಳುವುದನ್ನೇ ಮರೆತು ಕೂತರು. ಕೊನೆಗೆ "ಆಶಾಗೆ ಹೇಳು. ಬರ್ಲಿ" ಅಂದರು.

ಬರ್ಲಿ! ನಿನ್ನೆ ಬೇಡ ಅಂದು ಕಳಿಸಿದ ಹಾಲಿನವನಿಗೆ ನಾಳೆಯಿಂದ ಬಾ ಅನ್ನುವ ಹಾಗೆ. ಒಂದು ಸಲ 'ತಪ್ಪಾಯ್ತು ಮಗಾ' ಅಂದಿದ್ದರೆ ನಾನು ಅಲ್ಲೇ ಅವರ ಕಾಲಿಗೆ ಎಣ್ಣೆ ತಿಕ್ಕಿ ಬರುತ್ತಿದ್ದೆ. ನನಗೆ ತಪ್ಪು ಒಪ್ಪಿಕೋ ಎಂದು ಅರ್ಧ ವರ್ಷ ಹೇಳಿದವರ ಬಾಯಿಗೆ ಆ ಒಂದು ಮಾತು ಬರಲಿಲ್ಲ. ಬಾಗಿಲಲ್ಲಿ ಜೋಯಲ್ ಸಿಕ್ಕಿ ತಬ್ಬಿಕೊಂಡ. "ಬ್ರದರ್, ಯಾಕೆ ಇನ್ನೂ ಹಿಂದೆ ಕೂರ್ತೀರ? ಅದೆಲ್ಲ ಹಳೇ ಕಥೆ, ಫ್ರೀಯಾಗಿರಿ" ಅಂದ. ಸಭೆಯ ಕೀಬೋರ್ಡಿನ ಮುಂದೆ ಆಗಲೇ ಬೇರೆ ಹುಡುಗ ಕೂರುತ್ತಿದ್ದ. ಅವನಿಗೆ ಲ್ಯಾಪ್‌ಟಾಪಿನಿಂದ ತಾಳ ಬರುತ್ತಿತ್ತು. ಮಳೆ ಬಂದರೂ ಬಿಸಿಲು ಬಂದರೂ ಅದಕ್ಕೆ ವ್ಯತ್ಯಾಸವಿಲ್ಲ.

ನಾನು ಮನೆಗೆ ಓಡಿದೆ. ಸಿಟ್ಟಿನ ಅಡಿಯಲ್ಲಿ ಒಂದು ಸಂತೋಷವೂ ಇತ್ತು, ಸುಳ್ಳು ಹೇಳುವುದಿಲ್ಲ. "ಅಮ್ಮಾ, ಇನ್ನೇನು? ಸೀರೆ ಉಟ್ಕೊ, ಗುಬ್ಬಿಗೆ ಹೋಗಣ. ಈಗ ಯಾರೂ ತಡೆಯೋರಿಲ್ಲ."

ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅಯ್ಯನವರ ನಿಯಮ ಅಂತ ಮಗಳನ್ನ ಬಿಟ್ಟೆ. ಈಗ ಅವರ ಮಗ ಹೇಳ್ದ ಅಂತ ಹೋಗ್ಬೇಕಾ? ನಾನು ಹೆತ್ತವಳ ಮನೆ ಬಾಗಿಲಿಗೆ ಹೋಗಕ್ಕೆ ಇವರ ಪ್ರಕಟಣೆ ಬೇಕೇನ್ಲಾ?"

"ಮತ್ತೆ ಹಂಗೇ ಹೋಗು!"

"ಯಾವ ಮುಖ ಇಟ್ಕೊಂಡು? ಚಿನ್ನ ತಪ್ಪಲ್ಲ ಅಂದ್ರೆ ಆ ಮರದ ಕೆಳಗೆ ನಾನು ನಿಂತಿದ್ದು ಯಾಕೆ? ಅವಳು ಕೇಳಿದ್ರೆ ಏನ್ ಹೇಳ್ಲಿ? ಸುಮ್ನೆ ನಿಂತಿದ್ದೆ ಕಣೇ ಅನ್ಲಾ?"

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬೇಲಿ ಹಾಕಿದವರೇ ಕಿತ್ತುಕೊಂಡು ಹೋಗಿದ್ದಾರೆ, ಇವಳು ಬೇಲಿಯಿದ್ದ ಜಾಗದಲ್ಲೇ ಕಾವಲು ನಿಂತಿದ್ದಾಳೆ. ಅಷ್ಟರಲ್ಲಿ ಸಭೆಗೆ ಬಣ್ಣ ಬಂದೇಬಿಟ್ಟಿತು. ಎಷ್ಟು ವರ್ಷದಿಂದ ಪೆಟ್ಟಿಗೆಯಲ್ಲಿದ್ದವೋ, ಸರಗಳು, ಬಳೆಗಳು ಹೊರಗೆ ಬಂದವು. ಕ್ರಿಸ್ಮಸ್ ಹೊತ್ತಿಗೆ ಮದುವೆಯೂ ಮುಗಿದು, ಜೋಯಲ್ ಹೆಂಡತಿ ಪ್ರೀತಿಯಿಂದ ಸಭೆಯ ಹಿರಿಯ ಹೆಂಗಸರಿಗೆಲ್ಲ ಒಂದೊಂದು ಜೊತೆ ಓಲೆ ತಂದಳು. ಅಮ್ಮನಿಗೆ ತಾನೇ ಹಾಕಲು ಹೋಗಿ, ಕಿವಿಯನ್ನು ಅತ್ತಿತ್ತ ತಿರುಗಿಸಿ, "ಅಯ್ಯೋ ಆಂಟಿ, ತೂತೇ ಇಲ್ವಲ್ಲ!" ಅಂದಳು. ಸುತ್ತ ಇದ್ದವರು ನಕ್ಕರು. ಅಮ್ಮನೂ ನಕ್ಕಳು. ಓಲ್ಡ್ ಸ್ಟೈಲ್ ಆಂಟಿ ಅಂತ ಯಾರೋ ಹೆಗಲು ತಟ್ಟಿದರು.

ಅವತ್ತು ಬೈಕಿನಲ್ಲಿ ಬರುತ್ತಾ, ರಿಂಗ್ ರೋಡಿನ ಗಾಳಿಯಲ್ಲಿ, ಅಮ್ಮ ನನ್ನ ಬೆನ್ನಿಗೆ ಹೇಳಿದಳು:

"ನಿಮ್ಮಪ್ಪ ಹೋದ ಮೇಲೆ ಯಾರ ಮನೆ ಕಾರ್ಯಕ್ಕೆ ಹೋದ್ರೂ ಅರಿಶಿನ ಕುಂಕುಮದ ತಟ್ಟೆ ನನ್ನ ದಾಟ್ಕೊಂಡು ಪಕ್ಕದವಳಿಗೆ ಹೋಗ್ತಿತ್ತು. ಬರೀ ಕತ್ತು, ಬರೀ ಕೈ, ದೂರದಿಂದ್ಲೇ ಗೊತ್ತಾಗ್ತಿತ್ತಲ್ಲ ಎಲ್ಲರ್ಗೂ. ಸಭೆಗೆ ಬಂದ್ರೆ ಎಲ್ಲರ ಕತ್ತೂ ಬರೀದೇ. ಅಯ್ಯನವರ ಹೆಂಡ್ತಿ ಕತ್ತೂ ಬರೀದೇ. ಗಂಡ ಇರೋಳ್ಯಾರು, ಇಲ್ಲದೋಳ್ಯಾರು, ಹೊಸಬ್ರು ಬಂದ್ರೆ ಹೇಳಕ್ಕೇ ಆಗ್ತಿರ್ಲಿಲ್ಲ. ಊರೋರು ಕಿತ್ಕೊಂಡಿದ್ದು ಬೇರೆ ಕಣೋ. ಡ್ಯಾಮಲ್ಲಿ ನಾನಾಗೇ ತೆಗ್ದಿಟ್ಟಿದ್ದು ಬೇರೆ." ಹಾರುತ್ತಿದ್ದ ಸೆರಗು ಎಳೆದುಕೊಂಡು ಅಂದಳು, "ಇವತ್ತು ಎಲ್ಲಾರೂ ಹಾಕ್ಕೊಂಡವ್ರೆ. ನಾನು ಮತ್ತೆ ರಂಡೆ ಆದೆ."

ನಾನು ಬೈಕನ್ನು ಪಕ್ಕಕ್ಕೆ ನಿಲ್ಲಿಸಿದೆ. ಲಾರಿಗಳು ಹೋಗುತ್ತಲೇ ಇದ್ದವು. ಇಷ್ಟು ವರ್ಷ ನಾನು ಆ ನಿಯಮವನ್ನು ಅಮ್ಮನ ಕೊರಳಿಗೆ ಬಿದ್ದ ಹಗ್ಗ ಅಂದುಕೊಂಡಿದ್ದೆ. ಅವಳು ಅದನ್ನು ಹೊದ್ದುಕೊಂಡಿದ್ದಳು. ಅದಕ್ಕೆ ಅವಳು ಕೊಟ್ಟ ಬೆಲೆ ಮಗಳು. ಈಗ ಹೊದಿಕೆಯನ್ನೂ ಎಳೆದುಕೊಂಡರು, ಮಗಳನ್ನೂ ತಂದುಕೊಡಲಿಲ್ಲ. ಅಯ್ಯನವರಿಗೆ ಇದು ಗೊತ್ತಿತ್ತೇ? ಜೋಯಲ್‌ಗೆ ಗೊತ್ತಾಗುವುದುಂಟೇ? ಕಾಲೇಜಿನಲ್ಲಿ ಇದನ್ನು ಯಾವ ಪಾಠದಲ್ಲಿ ಹೇಳಿಕೊಡುತ್ತಾರೆ? ಯಾರಿಗೆ ಬೈಯಬೇಕೋ ತಿಳಿಯದೆ ನಾನು ಹಾರನ್ ಒತ್ತಿದೆ. "ಯಾರಿಗ್ಲಾ ಒತ್ತೀಯ, ನಡಿ" ಅಂದಳು ಅಮ್ಮ.

ಅವತ್ತು ಸಂಜೆ ಆಶಾಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಕೊನೆಗೆ "ಸರಿ ಇಡು ಅಣ್ಣಾ" ಅಂದಳು.

ಸಂಕ್ರಾಂತಿ ಕಳೆದ ಭಾನುವಾರ, ಪ್ರಾರ್ಥನೆ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ನಾನು ಹೊರಗೆ ಬೈಕಿನ ಹತ್ತಿರ ನಿಂತಿದ್ದೆ. ಒಂದು ಆಟೋ ಬಂದು ನಿಂತಿತು. ಆಶಾ ಇಳಿದಳು, ಸೊಂಟದ ಮೇಲೆ ಸ್ನೇಹಾ. ಅವಳು ಬಿಳಿ ಸೀರೆ ಉಟ್ಟಿದ್ದಳು. ಹೊಸ ಸೀರೆ, ಇನ್ನೂ ನೀಲಿ ಕಾಣದ್ದು, ಸ್ವಲ್ಪ ಹಳದಿ ಹೊಡೆಯುತ್ತಿತ್ತು. ಚಪ್ಪಲಿ ಬಿಡುವ ಜಾಗದಲ್ಲಿ ಬ್ಯಾಗನ್ನು ನನ್ನ ಕೈಗೆ ಕೊಟ್ಟು, ಬಳೆ ಕಳಚಿದಳು, ಓಲೆ ಬಿಚ್ಚಿದಳು, ತಾಳಿಯನ್ನು ರವಿಕೆಯೊಳಗೆ ಸೇರಿಸಿದಳು. ಆಮೇಲೆ ಮಗುವಿನ ಕಿವಿಯ ಪುಟ್ಟ ಓಲೆಗಳನ್ನೂ ಬಿಚ್ಚಿ ಕರ್ಚೀಫಿನಲ್ಲಿ ಗಂಟು ಕಟ್ಟಿದಳು.

"ಏನೇ ಮಾಡ್ತಿದೀಯ? ಈಗ ಅದೆಲ್ಲ ಇಲ್ಲ ಕಣೇ! ಪಾಸ್ಟರ್ ಸೊಸೇನೇ ಮೈತುಂಬ ಹಾಕ್ಕೊಂಡು ಕೂತವ್ಳೆ. ತೆಗೀಲೇಬೇಕು ಅಂತ ಇವರು ಹಟ ಹಿಡಿದಾಗ ತೆಗೀದೋಳು ಈಗ ಯಾಕೆ ತೆಗೀತೀಯ?" ನನಗೆ ಆ ವರ್ಷದಲ್ಲಿ ಬಂದಿದ್ದ ಸಿಟ್ಟೆಲ್ಲ ಒಟ್ಟಿಗೆ ಬಂದಿತ್ತು.

"ಅಮ್ಮ ಒಬ್ಳೇ ಕೂತವ್ಳೆ ಅಂದ್ಯಲ್ಲ ನೀನು," ಅಂದಳು ಆಶಾ. ತಲೆಯ ಮೇಲೆ ಸೆರಗು ಹಾಕಿಕೊಂಡು ಒಳಗೆ ಹೋದಳು.

ನಾನು ಬ್ಯಾಗ್ ಹಿಡಿದು ಹಿಂದೆಯೇ ಹೋಗಿ ಹೆಂಗಸರ ಕುರ್ಚಿಗಳ ಹಿಂದೆ ನಿಂತೆ. ಎಲ್ಲರೂ ಕಣ್ಣು ಮುಚ್ಚಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದರು. ಅಮ್ಮ ಕುರ್ಚಿ ಬಿಟ್ಟು ಎಂದಿನಂತೆ ನೆಲದ ಮೇಲೆ ಕೂತಿದ್ದಳು. ಆಶಾ ಅವಳ ಪಕ್ಕ ನೆಲಕ್ಕೆ ಕೂತಳು. ಮಗು ತಾನಾಗಿಯೇ ಅಜ್ಜಿಯ ತೊಡೆ ಹತ್ತಿ, ಹೊಸ ಮುಖವನ್ನು ನೋಡಿ, ಕೈ ಚಾಚಿ ಅವಳ ಬೋಳು ಕಿವಿಯನ್ನು ಹಿಡಿಯಿತು. ಅಮ್ಮ ಕಣ್ಣು ಬಿಟ್ಟಳು.

ಮೊದಲು ಮಗುವನ್ನು ನೋಡಿದಳು. ಆಮೇಲೆ ಆಶಾಳ ಬಿಳಿ ಸೀರೆಯನ್ನು, ಬರಿಗೈಯನ್ನು, ಬರೀ ಕಿವಿಯನ್ನು ನೋಡಿದಳು. ಮಗುವನ್ನು ಎದೆಗೆ ಒತ್ತಿಕೊಂಡಳು, ಬಹಳ ಹೊತ್ತು. ಆಮೇಲೆ ಅದರ ಕಿವಿಯನ್ನು ಬೆರಳಿನಿಂದ ಸವರಿ, ಸಣ್ಣ ತೂತನ್ನು ಹುಡುಕಿದಳು.

"ಇದರ ಓಲೆ ಎಲ್ಲಿ?"

ಆಶಾ ಕರ್ಚೀಫಿನ ಗಂಟು ಬಿಚ್ಚಿದಳು. ಅಮ್ಮ ಊದಿದ ಬೆರಳುಗಳಲ್ಲಿ ಆ ಕಾಳಿನಷ್ಟು ಓಲೆಯನ್ನು ಹಿಡಿಯಲಾರದೆ ಎರಡು ಸಲ ಬೀಳಿಸಿದಳು. ಮಗು ಕೊಸರಾಡಿತು. ಸುತ್ತ ಪ್ರಾರ್ಥನೆ ಜೋರಾಗಿತ್ತು.

"ಬುಡಮ್ಮ, ಇಲ್ಲಿ ಬೇಡ. ಮನೆಗೆ ಹೋದ್ಮೇಲೆ ಹಾಕಿದ್ರಾಯ್ತು," ಅಂದಳು ಆಶಾ.

"ಸುಮ್ನಿರೇ," ಅಂದಳು ಅಮ್ಮ. ಮಗುವಿನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿ, ಕಣ್ಣು ಕಿರಿದು ಮಾಡಿ, ಓಲೆಯನ್ನು ಮತ್ತೆ ತೂತಿಗೆ ಹಿಡಿದಳು. "ಹಿಂಗೇ ಬಿಟ್ರೆ ಮುಚ್ಚೋಯ್ತದೆ."